ಸೊನ್ನೆಯಾಗಬೇಕಾದ ಲೆಕ್ಕ

ಮಾತಾಡುತ್ತಿದ್ದವರು ಇದ್ದಕ್ಕಿದ್ದಂತೆ ಎತ್ತಲೋ ದಿಟ್ಟಿಸುತ್ತಾರೆ. ತುಟಿ ಚಪ್ಪರಿಸುತ್ತಾರೆ, ಅಂಗಿಯ ಗುಂಡಿ ತಡಕುತ್ತಾರೆ. ಕರೆದರೆ ಓಗೊಡುವುದಿಲ್ಲ. ಒಂದೆರಡು ನಿಮಿಷಕ್ಕೆ ಸರಿಹೋಗುತ್ತಾರೆ, ನಡೆದದ್ದು ನೆನಪಿರುವುದಿಲ್ಲ. ಬಿದ್ದು ಒದ್ದಾಡಿದರಷ್ಟೇ ಫಿಟ್ಸ್ ಎಂದುಕೊಂಡ ಮನೆಗಳಲ್ಲಿ ಇದನ್ನು ಗಾಳಿ ಸೋಕಿದ್ದೆನ್ನುವವರು ಈಗಲೂ ಇದ್ದಾರೆ. ಮಿದುಳಿನ ಒಂದು ಭಾಗದಲ್ಲಿ ಹುಟ್ಟುವ ಈ ಸೆಳವಿಗೆ ವೈದ್ಯರು ಫೋಕಲ್ ಸೀಜರ್ ಎನ್ನುತ್ತಾರೆ.

ಮಾತ್ರೆ ನುಂಗಿದರೂ ನಿಲ್ಲದಿದ್ದರೆ? ಗ್ಲಾಸ್ಗೋದಲ್ಲಿ ಸಂಶೋಧಕರಾದ ಕ್ವಾನ್ ಮತ್ತು ಬ್ರೋಡಿ ಇದನ್ನೇ ಲೆಕ್ಕಹಾಕಿ 2000ರಲ್ಲಿ ಪ್ರಕಟಿಸಿದರು. ಅದುವರೆಗೆ ಔಷಧವನ್ನೇ ಮುಟ್ಟದ 470 ಅಪಸ್ಮಾರ ರೋಗಿಗಳಲ್ಲಿ ಮೊದಲ ಔಷಧಕ್ಕೇ ಶೇ 47 ಮಂದಿಗೆ ಸೆಳವು ನಿಂತಿತು, ಎರಡನೆಯದಕ್ಕೆ ಇನ್ನೂ ಶೇ 13 ಮಂದಿಗೆ. ಅಲ್ಲಿಂದಾಚೆ ಏನು ಕೊಟ್ಟರೂ ಫಲ ಕಂಡವರು ಶೇ 4 ಮಾತ್ರ.

ಆದ್ದರಿಂದಲೇ ಸೆನೊಬಮೇಟ್ ಔಷಧದ ಫಲಿತಾಂಶ ನರರೋಗ ತಜ್ಞರ ಗಮನ ಸೆಳೆಯಿತು. ಈಗಾಗಲೇ ಒಂದರಿಂದ ಮೂರು ಔಷಧ ನುಂಗುತ್ತಿದ್ದರೂ ಸೆಳವು ನಿಲ್ಲದ 437 ಮಂದಿಯ ಮೇಲೆ ನಡೆದ ಪ್ರಯೋಗವದು. ದಿನಕ್ಕೆ 400 ಮಿಲಿಗ್ರಾಂ ಗುಂಪಿನಲ್ಲಿ ಸೆಳವು ಅರ್ಧಕ್ಕಿಂತ ಹೆಚ್ಚು ತಗ್ಗಿತು. ನನಗೆ ಮುಖ್ಯವೆನಿಸುವುದು ಬೇರೊಂದು ಅಂಕಿ: ಆ ಗುಂಪಿನ ಶೇ 21 ಮಂದಿಗೆ 12 ವಾರಗಳ ಪೂರ್ಣ ಡೋಸಿನ ಅವಧಿಯಲ್ಲಿ ಒಂದೇ ಒಂದು ಸೆಳವೂ ಬರಲಿಲ್ಲ. ಹುಸಿಮಾತ್ರೆಯವರಲ್ಲಿ ಅದು ಶೇ 1. ತಿಂಗಳಿಗೆ ಎಂಟಿದ್ದದ್ದು ನಾಲ್ಕಾದರೂ ಒಲೆಯ ಮುಂದೆ ನಿಲ್ಲಲು, ಒಬ್ಬರೇ ರಸ್ತೆ ದಾಟಲು ಭಯವೇ. ಬದುಕು ಬದಲಾಗುವುದು ಸೊನ್ನೆಯಾದಾಗ. ಆದರೆ 12 ವಾರ ಬಹಳ ಚಿಕ್ಕ ಅವಧಿ ಎಂಬುದನ್ನೂ ಮರೆಯಲಾಗದು.

ಈ ಔಷಧಕ್ಕೆ ಒಂದು ಸಾವಿನ ಚರಿತ್ರೆಯೂ ಇದೆ. ಆರಂಭದ ಅಧ್ಯಯನಗಳಲ್ಲಿ ಡೋಸನ್ನು ಬೇಗಬೇಗ ಏರಿಸಿದಾಗ ಮೂವರಿಗೆ ಡ್ರೆಸ್ ಎಂಬ ತೀವ್ರ ಅಲರ್ಜಿಯಾಯಿತು. ಮೈತುಂಬ ದದ್ದು, ಜ್ವರ, ಒಳಾಂಗಗಳಿಗೆ ಪೆಟ್ಟು. ಒಬ್ಬರು ಉಳಿಯಲಿಲ್ಲ. ಸಂಶೋಧಕರು ಕ್ರಮವನ್ನೇ ಬದಲಿಸಿದರು: ಮೊದಲ ಎರಡು ವಾರ 12.5 ಮಿಲಿಗ್ರಾಂ, ಮುಂದಿನೆರಡು ವಾರ 25, ಆಮೇಲೆ 50, 100, 150. 200 ಮುಟ್ಟುವುದು ಹನ್ನೊಂದನೆಯ ವಾರಕ್ಕೆ. ಹೀಗೆ ನಿಧಾನವಾಗಿ ಏರಿಸಿದ 1339 ಮಂದಿಯಲ್ಲಿ ಒಬ್ಬರಿಗೂ ಡ್ರೆಸ್ ಆಗಲಿಲ್ಲ. 2019ರ ನವೆಂಬರ್‌ನಲ್ಲಿ ಅಮೆರಿಕ ಇದಕ್ಕೆ ಅನುಮತಿ ಕೊಟ್ಟಿತು. ತೂಕಡಿಕೆ, ತಲೆಸುತ್ತು, ಎರಡೆರಡಾಗಿ ಕಾಣುವ ತೊಂದರೆಗಳಂತೂ ಇವೆ. ಜೊತೆಗೆ ನುಂಗುವ ಫೆನಿಟಾಯಿನ್, ಕ್ಲೋಬಜಮ್‌ಗಳ ಪ್ರಭಾವವನ್ನು ಇದು ಹೆಚ್ಚಿಸುವುದರಿಂದ ಅವುಗಳ ಡೋಸನ್ನು ವೈದ್ಯರು ಇಳಿಸಬೇಕಾಗಬಹುದು.

ಹೊಸ ಮಾತ್ರೆಯ ಭರವಸೆಯಲ್ಲಿ ವರ್ಷಗಟ್ಟಲೆ ಕಾಯುವುದನ್ನು ಮಾತ್ರ ನಾನು ಒಪ್ಪಲಾರೆ. ಸರಿಯಾಗಿ ಆರಿಸಿದ, ಸರಿಯಾಗಿ ನುಂಗಿದ ಎರಡು ಔಷಧ ಸೋತರೆ ಅದು ಔಷಧಕ್ಕೆ ಬಗ್ಗದ ಅಪಸ್ಮಾರವೆಂದು ಅಂತರರಾಷ್ಟ್ರೀಯ ಅಪಸ್ಮಾರ ಸಂಘ 2010ರಲ್ಲೇ ಹೇಳಿದೆ. ಶಸ್ತ್ರಚಿಕಿತ್ಸೆ ಸಾಧ್ಯವೇ ಎಂದು ಆಗಲೇ ಕೇಳಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದರ ತಪಾಸಣೆಯಿದೆ: ತಲೆಗೆ ತಂತಿ ಅಂಟಿಸಿ, ಎದುರಿಗೆ ಕ್ಯಾಮೆರಾ ಇಟ್ಟು, ಸೆಳವು ಬರುವವರೆಗೂ ಕಾದು, ಅದು ಮಿದುಳಿನ ಯಾವ ಜಾಗದಲ್ಲಿ ಹೊರಟಿತೆಂದು ವೈದ್ಯರು ಹುಡುಕುತ್ತಾರೆ.