ಬಿತ್ತನೆ ಉರುಳೆ ತಯಾರಿಸಲು ಮಿಲ್ಲಿಂಗ್ ಯಂತ್ರದ ಬಳಕೆ

ನೆಲಗಡಲೆಯನ್ನು ಸಾಲಿನಿಂದ ಸಾಲಿಗೆ 30 ಸೆಂ.ಮೀ., ಬೀಜದಿಂದ ಬೀಜಕ್ಕೆ 10 ಸೆಂ.ಮೀ. ಅಂತರದಲ್ಲಿ ಬಿತ್ತಬೇಕೆಂದು ಹೇಳುತ್ತೇವೆ. ಈ ಅಂತರದಲ್ಲಿ ಎಕರೆಗೆ ಸುಮಾರು 1.35 ಲಕ್ಷ ಗಿಡಗಳಿರುತ್ತವೆ. ಕೂರಿಗೆಯಲ್ಲಿ ಬಿತ್ತುವಾಗ ಈ ಲೆಕ್ಕ ಬೀಜ ಬಿಡುವವರ ಕೈಚಳಕವನ್ನು ಅವಲಂಬಿಸಿದೆ. ಕೈಯಿಂದ ತಳ್ಳುವ ಬಿತ್ತನೆ ಯಂತ್ರದಲ್ಲಾದರೋ, ಬೀಜದ ಪೆಟ್ಟಿಗೆಯ ತಳದಲ್ಲಿ ತಿರುಗುವ ಗುಳಿಗಳುಳ್ಳ ಒಂದು ಸಣ್ಣ ಉರುಳೆಯೇ ಆ ಕೆಲಸವನ್ನು ಮಾಡುತ್ತದೆ. ಉರುಳೆ ಸವೆದರೆ ಅಥವಾ ಬೆಳೆ ಬದಲಾದರೆ ಹೊಸ ಉರುಳೆ ಬೇಕು. ಮನೆಯಲ್ಲಿಯೋ ಊರಿನಲ್ಲಿಯೋ ಸಣ್ಣ ವರ್ಕ್‌ಶಾಪಿನ ಅನುಕೂಲವಿದ್ದವರು ಇದನ್ನು ತಾವೇ ತಯಾರಿಸಿಕೊಳ್ಳಬಹುದು. ಬೇಸಾಯಶಾಸ್ತ್ರ ಓದಿದ ನಾನು ಈ ಕೆಲಸವನ್ನು ಕಲಿತ ರೀತಿಯನ್ನು, ಅದರಲ್ಲಿ ಮಾಡಿದ ತಪ್ಪುಗಳ ಸಮೇತ, ಇಲ್ಲಿ ತಿಳಿಸಿದ್ದೇನೆ.

ಮಿಲ್ಲಿಂಗ್ ಯಂತ್ರ ಎಂದರೇನು?

ಮಿಲ್ಲಿಂಗ್ ಎಂದೊಡನೆ ಅಕ್ಕಿ ಗಿರಣಿ ನೆನಪಾಗುವುದು ಸಹಜ. ಇದು ಲೋಹವನ್ನು ಕೊರೆಯುವ ಯಂತ್ರ. ಲೇತ್‌ನಲ್ಲಿ ಕೆಲಸದ ತುಂಡು ತಿರುಗುತ್ತದೆ, ಕತ್ತರಿಸುವ ಉಳಿ ತಿರುಗುವುದಿಲ್ಲ. ಮಿಲ್ಲಿಂಗ್ ಯಂತ್ರದಲ್ಲಿ ಹಲ್ಲುಗಳಿರುವ ಕಟ್ಟರ್ ತಿರುಗುತ್ತದೆ. ತುಂಡನ್ನು ಮೇಜಿಗೆ ಬಿಗಿದು, ಹ್ಯಾಂಡಲ್‌ಗಳನ್ನು ತಿರುಗಿಸಿ ಎಡಬಲಕ್ಕೆ, ಹಿಂದುಮುಂದಕ್ಕೆ ಸರಿಸುತ್ತೇವೆ. ಮೇಲುಕೆಳಗಿನ ಚಲನೆಯೂ ಇರುತ್ತದೆ. ಅಮೆರಿಕದ ಜೋಸೆಫ್ ಬ್ರೌನ್ 1862ರ ಸುಮಾರಿಗೆ ರೂಪಿಸಿದ ಸಾರ್ವತ್ರಿಕ ಮಿಲ್ಲಿಂಗ್ ಯಂತ್ರವು ಬೈರಿಗೆಯ ಸುರುಳಿ ಗಾಡಿಯನ್ನು ಕೊರೆಯಲು ಹುಟ್ಟಿದ್ದು. ನಮ್ಮಲ್ಲಿ, 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಹಿಂದೂಸ್ಥಾನ್ ಮೆಷಿನ್ ಟೂಲ್ಸ್ ಸಂಸ್ಥೆಯೂ ಇಂತಹ ಯಂತ್ರಗಳನ್ನು ತಯಾರಿಸಿತು.

ಮೊದಲು ಲೆಕ್ಕ, ಅನಂತರ ಕೆಲಸ

ಉರುಳೆಯು ಗಾಲಿಯ ಅಚ್ಚಿನ ಮೇಲೆಯೇ ಕೂತಿದ್ದರೆ ಗಾಲಿ ಒಂದು ಸುತ್ತು ತಿರುಗಿದಾಗ ಉರುಳೆಯೂ ಒಂದು ಸುತ್ತು ತಿರುಗುತ್ತದೆ. ಗಾಲಿಯ ವ್ಯಾಸ 38 ಸೆಂ.ಮೀ. ಇದ್ದಲ್ಲಿ ಅದರ ಸುತ್ತಳತೆ ಸುಮಾರು 119 ಸೆಂ.ಮೀ. ಹತ್ತು ಸೆಂ.ಮೀ.ಗೆ ಒಂದು ಬೀಜ ಬೀಳಬೇಕಾದರೆ 12 ಗುಳಿಗಳು ಬೇಕು.

ಗುಳಿಯ ಅಳತೆಗೆ ನಿಮ್ಮ ಬಿತ್ತನೆ ಬೀಜವೇ ಆಧಾರ. ಇಪ್ಪತ್ತು ಬೀಜಗಳನ್ನು ವರ್ನಿಯರ್‌ನಿಂದ ಅಳೆಯಿರಿ. ಅತಿ ದೊಡ್ಡದಕ್ಕಿಂತ ಹತ್ತನೆಯ ಒಂದು ಪಾಲು ಹೆಚ್ಚಿಗೆ ಇಟ್ಟರೆ ಸಾಕು. ನನ್ನ ಬೀಜಗಳಲ್ಲಿ ದೊಡ್ಡದು 12.5 ಮಿ.ಮೀ. ಇದ್ದುದರಿಂದ 14 ಮಿ.ಮೀ. ಗುಳಿ ತೆಗೆದುಕೊಂಡೆ. ಆಳ 7 ಮಿ.ಮೀ. ಗುಳಿ ಹೆಚ್ಚು ಆಳವಾದರೆ ಎರಡು ಬೀಜ ಕೂರುತ್ತವೆ. ಉರುಳೆಯ ವ್ಯಾಸ 80 ಮಿ.ಮೀ. ಇಟ್ಟರೆ ಎರಡು ಗುಳಿಗಳ ನಡುವೆ ಸುಮಾರು 7 ಮಿ.ಮೀ. ಲೋಹ ಉಳಿಯುತ್ತದೆ. ಅಲ್ಯೂಮಿನಿಯಂ ಹಗುರ, ಕೊರೆಯಲೂ ಸುಲಭ.

ಕೊರೆಯುವ ಕ್ರಮ

1. ಬಿಗಿಯುವುದು: ಉರುಳೆಯನ್ನು ಲೇತ್‌ನಲ್ಲಿ ಗುಂಡಗೆ ತಿರುವಿ, ನಡುವೆ ಅಚ್ಚಿನ ರಂಧ್ರ ಮಾಡಿಸಿಕೊಳ್ಳಬೇಕು. ಅನಂತರ ಅದನ್ನು ಒಂದು ಸರಳಿನ ಮೇಲೆ ಕೂರಿಸಿ ಡಿವೈಡಿಂಗ್ ಹೆಡ್‌ಗೆ ಹಿಡಿಸಿ, ಇನ್ನೊಂದು ತುದಿಗೂ ಆಧಾರ ಕೊಡಬೇಕು. ಸ್ವಲ್ಪ ಅಲುಗಾಡಿದರೂ ಕೆಲಸ ಕೆಡುತ್ತದೆ, ಕಟ್ಟರ್ ಮುರಿಯುತ್ತದೆ.

2. ವೇಗ: ಕತ್ತರಿಸುವ ವೇಗವನ್ನು ನಿಮಿಷಕ್ಕೆ ಇಷ್ಟು ಮೀಟರ್ ಎಂದು ಹೇಳುತ್ತಾರೆ. ಅದನ್ನು 1000ದಿಂದ ಗುಣಿಸಿ, ಕಟ್ಟರ್ ವ್ಯಾಸವನ್ನು 3.14ರಿಂದ ಗುಣಿಸಿ ಬಂದ ಮೊತ್ತದಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಸುತ್ತು ಎಂಬುದು ಸಿಗುತ್ತದೆ. ಹೈ ಸ್ಪೀಡ್ ಸ್ಟೀಲ್ ಕಟ್ಟರ್ ಬಳಸುವಾಗ ಅಲ್ಯೂಮಿನಿಯಂಗೆ 60 ಮೀಟರ್, ಮೆದು ಉಕ್ಕಿಗೆ 25 ಮೀಟರ್ ಇಟ್ಟುಕೊಳ್ಳಬಹುದು. ಅದರಂತೆ 14 ಮಿ.ಮೀ. ಕಟ್ಟರ್ ಅಲ್ಯೂಮಿನಿಯಂನಲ್ಲಿ ಸುಮಾರು 1,350 ಸುತ್ತು, ಉಕ್ಕಿನಲ್ಲಿ ಸುಮಾರು 570 ಸುತ್ತು ತಿರುಗಬೇಕು. ಯಂತ್ರ ಸಣ್ಣದಾದರೆ ಇನ್ನೂ ಕಡಿಮೆ ವೇಗದಿಂದ ಆರಂಭಿಸುವುದು ಒಳ್ಳೆಯದು.

3. ಕೊರೆತ: ಗುಳಿಯ ನಡುಭಾಗದ ಲೋಹವನ್ನು ಮೊದಲು ಸಣ್ಣ ಬೈರಿಗೆಯಿಂದ, ಪೂರ್ತಿ ಆಳಕ್ಕೆ ಹೋಗದಂತೆ, ತೆಗೆಯಿರಿ. ಬಳಿಕ ದುಂಡು ಮೂತಿಯ ಕಟ್ಟರನ್ನು ನಿಧಾನವಾಗಿ ಇಳಿಸಿ 7 ಮಿ.ಮೀ. ಆಳಕ್ಕೆ ನಿಲ್ಲಿಸಿ. ಅಲ್ಯೂಮಿನಿಯಂ ಕಟ್ಟರ್‌ನ ಹಲ್ಲಿಗೆ ಅಂಟದಂತೆ ಆಗಾಗ ಸೀಮೆಎಣ್ಣೆ ಹಚ್ಚಬೇಕು.

4. ಹನ್ನೆರಡು ಪಾಲು: ಸಾಮಾನ್ಯ ಡಿವೈಡಿಂಗ್ ಹೆಡ್‌ನಲ್ಲಿ ಹಿಡಿಕೆಯನ್ನು 40 ಸುತ್ತು ತಿರುಗಿಸಿದರೆ ತುಂಡು ಒಂದು ಸುತ್ತು ತಿರುಗುತ್ತದೆ. 40ನ್ನು 12ರಿಂದ ಭಾಗಿಸಿದರೆ ಮೂರು ಪೂರ್ಣ ಸುತ್ತು ಮತ್ತು ಮೂರನೆಯ ಒಂದು ಸುತ್ತು. ಹದಿನೈದು ರಂಧ್ರಗಳ ವೃತ್ತದಲ್ಲಿ ಇದು ಮೂರು ಸುತ್ತು ಹಾಗೂ ಐದು ರಂಧ್ರ.

5. ಅಚ್ಚಿನ ಕೀ ಗಾಡಿ: ಉರುಳೆ ಜಾರದಿರಲು ಅಚ್ಚಿಗೆ ಕೀ ಹಾಕಬೇಕು. 20 ಮಿ.ಮೀ. ಅಚ್ಚಿಗೆ 6 ಮಿ.ಮೀ. ಅಗಲ, 3.5 ಮಿ.ಮೀ. ಆಳದ ಗಾಡಿ ಸೂಕ್ತ. ಒಮ್ಮೆಗೆ ಒಂದು ಮಿ.ಮೀ.ಗಿಂತ ಹೆಚ್ಚು ಇಳಿಸಬಾರದು. ಗಾಡಿಯ ಪಕ್ಕವನ್ನು ಸವರುವಾಗ ತುಂಡನ್ನು ಕಟ್ಟರ್‌ನ ಹಲ್ಲುಗಳಿಗೆ ಎದುರಾಗಿಯೇ ಸರಿಸಬೇಕು. ಹಲ್ಲು ಹೋಗುವ ದಿಕ್ಕಿಗೇ ಸರಿಸಿದರೆ, ಮೇಜಿನ ಸ್ಕ್ರೂ ಸಡಿಲವಿರುವ ಸಣ್ಣ ಯಂತ್ರದಲ್ಲಿ ಕಟ್ಟರ್ ತುಂಡನ್ನು ಒಮ್ಮೆಲೇ ಎಳೆದುಕೊಳ್ಳುತ್ತದೆ.

ನಾನು ಮಾಡಿದ ಎರಡು ತಪ್ಪುಗಳು

ಮೊದಲ ಉರುಳೆಯಲ್ಲಿ ಐದು ರಂಧ್ರ ಎಣಿಸುವಾಗ ಪಿನ್ನು ಕೂತಿದ್ದ ರಂಧ್ರವನ್ನೂ ಒಂದೆಂದು ಲೆಕ್ಕ ಹಿಡಿದೆ. ಹೀಗಾಗಿ ಪ್ರತಿಸಲ ನಾಲ್ಕೇ ರಂಧ್ರ ಸರಿಯಿತು. ಹನ್ನೊಂದು ಅಂತರಗಳು ಕಿರಿದಾಗಿ ಕೊನೆಯದು ಹಿಗ್ಗಿತು. ಹೊಲದಲ್ಲಿ ಅದು 9.8 ಸೆಂ.ಮೀ.ಗೆ ಒಂದು ಬೀಜ, ಸುತ್ತಿಗೊಮ್ಮೆ 12 ಸೆಂ.ಮೀ. ಅಂತರ ಎಂದಾಯಿತು. ಪಿನ್ನು ಇರುವ ರಂಧ್ರವನ್ನು ಬಿಟ್ಟು ಎಣಿಸಬೇಕೆಂಬುದು ಇದರಿಂದ ತಿಳಿದ ಪಾಠ. ಈ ತಪ್ಪನ್ನು ಬೆಳೆ ಕ್ಷಮಿಸಿತು.

ಎರಡನೆಯದನ್ನು ಕ್ಷಮಿಸಲಿಲ್ಲ. ಎರಡನೆಯ ಉರುಳೆಯಲ್ಲಿ ಅಂತರ ಸರಿಯಾಗಿತ್ತು, ಆದರೆ ಗುಳಿಯ ಅಂಚಿನಲ್ಲಿ ಎದ್ದ ಲೋಹದ ಸಿಬಿರನ್ನು ನಾನು ತೆಗೆದಿರಲಿಲ್ಲ. ಪರಿಚಯದ ರೈತರೊಬ್ಬರು ಆ ಯಂತ್ರವನ್ನು ಒಯ್ದು ಬಿತ್ತಿದರು. ಬೀಜ ಸರಿಯಾಗಿಯೇ ಬಿತ್ತು. ಎಂಟನೆಯ ದಿನ ನೋಡಿದರೆ ಸಾಲಿನಲ್ಲಿ ಅಲ್ಲಲ್ಲಿ ಬರಿಜಾಗ. ಮಣ್ಣು ಕೆದಕಿದಾಗ ಸಿಪ್ಪೆ ಸುಲಿದು, ಎರಡು ಹೋಳಾಗಿ ಕೊಳೆತ ಬೀಜಗಳು ಕಂಡವು. ಬಿತ್ತನೆಯ ಹದ ಮುಗಿದುಹೋಗಿತ್ತು. ಅವರು ಒಂದು ಮಾತೂ ಆಡದೆ ಖಾಲಿ ಜಾಗಗಳಿಗೆ ಅಲಸಂದೆ ಊರಿದರು. ನನ್ನ ಹತ್ತು ನಿಮಿಷದ ಸೋಮಾರಿತನಕ್ಕೆ ಅವರು ಬೀಜ ತೆತ್ತರು. ಅಂದಿನಿಂದ ಪ್ರತಿ ಗುಳಿಯ ಅಂಚನ್ನು ಸಣ್ಣ ಅರದಿಂದ ಸವರಿ, ಉಪ್ಪುಕಾಗದದಿಂದ ತಿಕ್ಕಿ, ಬೆರಳಿನಿಂದ ಮುಟ್ಟಿ ನೋಡಿದ ಹೊರತು ಉರುಳೆಯನ್ನು ಯಾರಿಗೂ ಕೊಡುವುದಿಲ್ಲ.

ಹೊಲಕ್ಕೆ ಇಳಿಸುವ ಮೊದಲು

ಗಾಲಿಯನ್ನು ನೆಲದಿಂದ ಎತ್ತಿ ನಿಲ್ಲಿಸಿ, ಪೆಟ್ಟಿಗೆಗೆ ಬೀಜ ಹಾಕಿ, ಹತ್ತು ಸುತ್ತು ತಿರುಗಿಸಿ. 120 ಬೀಜಗಳು ಬೀಳಬೇಕು. ಬಿದ್ದ ಬೀಜಗಳನ್ನು ಆರಿಸಿ, ಒಡೆದವನ್ನೂ ಸಿಪ್ಪೆ ಹೋದವನ್ನೂ ಬೇರೆ ಎಣಿಸಿ. ಅಂತಹವು ಕಂಡುಬಂದಲ್ಲಿ ಅಂಚನ್ನು ಮತ್ತೆ ಸವರಿ. ಬಳಿಕ ಉತ್ತ ಹೊಲದಲ್ಲಿ ಹತ್ತು ಸುತ್ತಿಗೆ ಯಂತ್ರ ಎಷ್ಟು ದೂರ ಸಾಗುತ್ತದೆಂದು ಅಳೆಯಿರಿ. ಸಡಿಲ ಮಣ್ಣಿನಲ್ಲಿ ಗಾಲಿ ಜಾರುವುದರಿಂದ 12 ಮೀಟರ್‌ಗೆ ಬದಲು 13 ಮೀಟರ್ ಸಾಗಿದರೆ ಬೀಜದ ಅಂತರ ಸುಮಾರು 10.8 ಸೆಂ.ಮೀ. ಆಗುತ್ತದೆ. ಗಾಲಿಗೆ ಹಲ್ಲುಪಟ್ಟಿ ಕೂರಿಸಿದರೆ ಜಾರುವುದು ಕಡಿಮೆಯಾಗುತ್ತದೆ.

ಎಚ್ಚರಿಕೆ

ಪಂಚೆ, ಟವೆಲು, ಸಡಿಲ ತೋಳಿನ ಅಂಗಿ ತೊಟ್ಟು ಯಂತ್ರದ ಬಳಿ ನಿಲ್ಲಬಾರದು. ಕೈಚೀಲ ಧರಿಸಿ ತಿರುಗುವ ಕಟ್ಟರ್ ಬಳಿ ಕೆಲಸ ಮಾಡಕೂಡದು. ಕಟ್ಟರ್ ಅದನ್ನು ಹಿಡಿದರೆ ಕೈಯನ್ನೂ ಎಳೆಯುತ್ತದೆ. ಕನ್ನಡಕ ಕಡ್ಡಾಯ. ಲೋಹದ ಚೂರನ್ನು ಯಂತ್ರ ನಿಲ್ಲಿಸಿದ ಮೇಲೆ ಬ್ರಷ್‌ನಿಂದಲೇ ತೆಗೆಯಬೇಕು. ಮೊದಲ ಕೆಲವು ದಿನ ಅನುಭವಿಗಳೊಬ್ಬರು ಪಕ್ಕದಲ್ಲಿರಲಿ.

ಈ ಕೆಲಸವನ್ನು ಬಿತ್ತನೆಗೆ ಒಂದು ತಿಂಗಳು ಮುಂಚೆಯೇ ಮುಗಿಸಿಕೊಳ್ಳುವುದು ಮೇಲು. ಉರುಳೆಯಲ್ಲಿ ತಪ್ಪಿದ್ದರೆ ಅದು ಮನೆಯ ಅಂಗಳದಲ್ಲಿ ಗೊತ್ತಾಗಲಿ. ಹದ ಮೀರಿದ ಹೊಲದಲ್ಲಿ ಗೊತ್ತಾಗುವುದು ಬೇಡ.