ಟಾಸ್ಮೇನಿಯಾಕ್ಕೆ ಏಪ್ರಿಲ್‌ನಲ್ಲಿ ಬನ್ನಿ

ಬೆಂಗಳೂರಿನಿಂದ, ಶಿರಸಿಯಿಂದ, ಕುಮಟಾದಿಂದ ನಮ್ಮ ಮನೆಗೆ ಬರುವ ನೆಂಟರು ಟಿಕೆಟ್ ಮಾಡಿಸುವ ಮೊದಲೇ ಪಟ್ಟಿ ಕಳಿಸುತ್ತಾರೆ. ಸಿಡ್ನಿಯ ಸೇತುವೆ, ಗೋಲ್ಡ್ ಕೋಸ್ಟ್, ಗ್ರೇಟ್ ಓಷನ್ ರೋಡ್. ಎಲ್ಲ ಮುಗಿದು ಸಮಯ ಉಳಿದರೆ ಎರಡು ದಿನ ಟಾಸ್ಮೇನಿಯಾ. ಮೆಲ್ಬರ್ನ್‌ನಲ್ಲಿ ಸಂಸಾರ ಹೂಡಿರುವ ನಾನು ಎಲ್ಲರಿಗೂ ಒಂದೇ ಉತ್ತರ ಕೊಡುತ್ತೇನೆ: ಎರಡೇ ದಿನಕ್ಕಾದರೆ ಆ ಕಡೆ ಹೋಗಲೇಬೇಡಿ. ಎಂಟು ದಿನ ಎತ್ತಿಡುವಿರಾದರೆ ಉಳಿದ ಪಟ್ಟಿಯನ್ನೆಲ್ಲ ಕತ್ತರಿಸಿಯಾದರೂ ಹೋಗಿ, ಅದೂ ಏಪ್ರಿಲ್‌ನಲ್ಲಿ.

ಆಸ್ಟ್ರೇಲಿಯಾದ ಭೂಪಟದಲ್ಲಿ ಟಾಸ್ಮೇನಿಯಾ ಕೆಳಗೆ ತೊಟ್ಟಿಕ್ಕಿದಂತೆ ಕಾಣುತ್ತದೆ. ನೋಡಿದವರು ಅರ್ಧ ದಿನದಲ್ಲಿ ಸುತ್ತಿಬಿಡಬಹುದು ಅಂದುಕೊಳ್ಳುತ್ತಾರೆ. ಅದರ ವಿಸ್ತೀರ್ಣ ಸುಮಾರು 68,000 ಚದರ ಕಿಲೋಮೀಟರ್, ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಜನರೋ, ಆರು ಲಕ್ಷವೂ ಇಲ್ಲ. ರಾಜಧಾನಿ ಹೋಬಾರ್ಟ್‌ನಿಂದ ಪಶ್ಚಿಮ ಕರಾವಳಿಯ ಸ್ಟ್ರಾಹನ್ ಊರಿಗೆ 300 ಕಿಲೋಮೀಟರ್. ಘಟ್ಟದ ತಿರುವುಗಳಲ್ಲಿ ನಾಲ್ಕೂವರೆ ಗಂಟೆ ಹಿಡಿಯುತ್ತದೆ. ದ್ವೀಪದ ನೈಋತ್ಯ ಮೂಲೆಗಂತೂ ರಸ್ತೆಯೇ ಇಲ್ಲ. ಇಡೀ ದ್ವೀಪವನ್ನು ಒಂದೇ ಪ್ರವಾಸದಲ್ಲಿ ಮುಗಿಸಲು ಹೊರಟವರಿಗೆ ಕಾರಿನ ಗಾಜಿನಾಚೆಯ ಟಾಸ್ಮೇನಿಯಾ ಬಿಟ್ಟು ಬೇರೇನೂ ದಕ್ಕುವುದಿಲ್ಲ.

ಈ ನೆಲ ಹೀಗಿರುವುದಕ್ಕೆ ಮುಖ್ಯ ಕಾರಣ ಗಾಳಿ. ದಕ್ಷಿಣ ಗೋಳಾರ್ಧದ ನಲವತ್ತರ ಅಕ್ಷಾಂಶಗಳಲ್ಲಿ ಪಶ್ಚಿಮದಿಂದ ಬೀಸುವ ಗಾಳಿ ಸಾವಿರಾರು ಕಿಲೋಮೀಟರ್ ಬರೀ ಸಮುದ್ರದ ಮೇಲೆ ಸಾಗಿ ಬಂದು, ದ್ವೀಪದ ಪಶ್ಚಿಮದ ಬೆಟ್ಟಗಳಿಗೆ ಬಡಿದು ಮಳೆ ಸುರಿಸುತ್ತದೆ. ಅಲ್ಲಿ ವರ್ಷಕ್ಕೆ 2,400 ಮಿಲಿಮೀಟರ್‌ಗೂ ಹೆಚ್ಚು ಮಳೆ. ಬೆಟ್ಟದ ಈಚೆಗಿರುವ ಹೋಬಾರ್ಟ್‌ಗೆ ಬೀಳುವುದು ಸುಮಾರು 600 ಮಿಲಿಮೀಟರ್ ಮಾತ್ರ. ಆಗುಂಬೆಗೂ ಚಿತ್ರದುರ್ಗಕ್ಕೂ ಇರುವ ಅಂತರ ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಶ್ಚಿಮದ ಮಳೆಕಾಡು, ಪೂರ್ವದ ದ್ರಾಕ್ಷಿ ತೋಟ, ಎರಡೂ ಆ ಒಂದೇ ಗಾಳಿಯ ಫಲ.

ನನ್ನ ಅತ್ತೆ ಶಿರಸಿಯ ಕಡೆಯವರು. ಅವರನ್ನು ಕರೆದುಕೊಂಡು ಹೋದಾಗ ಫ್ರಾಂಕ್ಲಿನ್ ನದಿಯ ಕಥೆ ಹೇಳಿದೆ. 1972ರಲ್ಲಿ ವಿದ್ಯುತ್ತಿಗಾಗಿ ಪೆಡರ್ ಸರೋವರವನ್ನೂ ಅದರ ನಸುಗೆಂಪು ಮರಳದಂಡೆಯನ್ನೂ ಮುಳುಗಿಸಿದ ಸರ್ಕಾರ, ಮುಂದೆ ಫ್ರಾಂಕ್ಲಿನ್ ನೀರನ್ನು ತಡೆಯಲು ಹೊರಟಿತು. 1982ರ ಡಿಸೆಂಬರ್‌ನಲ್ಲಿ ಜನ ರಬ್ಬರ್ ದೋಣಿಗಳಲ್ಲಿ ನದಿಗೆ ಅಡ್ಡ ನಿಂತರು. ಸಾವಿರಕ್ಕೂ ಹೆಚ್ಚು ಮಂದಿ ಬಂಧನಕ್ಕೊಳಗಾದರು. ಮುಂದಾಳು ಬಾಬ್ ಬ್ರೌನ್ ವೃತ್ತಿಯಲ್ಲಿ ವೈದ್ಯ. ಅದೇ ತಿಂಗಳು ಯುನೆಸ್ಕೊ ಆ ಕಾಡನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 1983ರ ಜುಲೈ 1ರಂದು ಆಸ್ಟ್ರೇಲಿಯಾದ ಉಚ್ಚ ನ್ಯಾಯಾಲಯ ನಾಲ್ಕಕ್ಕೆ ಮೂರರ ಬಹುಮತದಲ್ಲಿ ಅಣೆಕಟ್ಟಿನ ವಿರುದ್ಧ ತೀರ್ಪು ಕೊಟ್ಟಿತು. ಒಬ್ಬ ನ್ಯಾಯಾಧೀಶರು ಆಚೆ ವಾಲಿದ್ದರೆ ಆ ಕಣಿವೆ ಇವತ್ತು ನೀರಿನಡಿ ಇರುತ್ತಿತ್ತು. "ನಮ್ಮ ಬೇಡ್ತಿ ಗಲಾಟೆಯೂ ಆಗಲೇ ಅಲ್ಲವೇನೆ?" ಅಂದರು ಅತ್ತೆ. ಹೌದು, ಅದೇ ವರ್ಷಗಳಲ್ಲಿ ಶಿರಸಿ ಸೀಮೆಯ ಜನ ಬೇಡ್ತಿ ಅಣೆಕಟ್ಟಿನ ವಿರುದ್ಧ ಎದ್ದಿದ್ದರು. ಅಲ್ಲಿಂದ ಮುಂದೆ ಅತ್ತೆಗೆ ಟಾಸ್ಮೇನಿಯಾ ಪರವೂರಾಗಿ ಉಳಿಯಲಿಲ್ಲ.

ಕಾಡು ಉಳಿದದ್ದಕ್ಕೂ ಊಟಕ್ಕೂ ಏನು ಸಂಬಂಧ ಎಂದು ಕೇಳುವವರಿಗೆ ಲೆದರ್‌ವುಡ್ ಜೇನು ತೋರಿಸಬೇಕು. ಲೆದರ್‌ವುಡ್ ಮರ ಜಗತ್ತಿನಲ್ಲಿ ಬೇರೆಲ್ಲೂ ಕಾಡಿನಲ್ಲಿ ಬೆಳೆಯುವುದಿಲ್ಲ. ಜನವರಿಯಿಂದ ಮಾರ್ಚ್‌ವರೆಗೆ ಬಿಳಿ ಹೂ ಬಿಡುತ್ತದೆ. ಜೇನು ಸಾಕುವವರು ಪೆಟ್ಟಿಗೆಗಳನ್ನು ಲಾರಿಯಲ್ಲಿ ಹೇರಿಕೊಂಡು ಪಶ್ಚಿಮದ ಮಳೆಕಾಡಿಗೆ ಒಯ್ಯುತ್ತಾರೆ. ಎಳೆಯ ಮರಗಳಿಂದ ಪ್ರಯೋಜನವಿಲ್ಲ. ಹೇರಳ ಮಕರಂದ ಕೊಡುವುದು ಹತ್ತಾರು ವರ್ಷ ಬೆಳೆದ ಹಳೆಯ ಮರ. ಹಾಗಾಗಿ ಕಾಡು ಕಡಿದು ಮತ್ತೆ ಸಸಿ ನೆಟ್ಟರೆ ಜೇನುಗಾರನಿಗೆ ತನ್ನ ಆಯುಷ್ಯದಲ್ಲಿ ನಷ್ಟ ತುಂಬುವುದಿಲ್ಲ. ತುಡುವೆ ಜೇನಿನ ಮೇಲೆ ಬೆಳೆದ ಅತ್ತೆ ಮೊದಲ ಚಮಚಕ್ಕೆ ಮುಖ ಕಿವುಚಿದರು, ಅಷ್ಟು ಗಾಢ ಹೂವಿನ ಘಾಟು ಅದಕ್ಕೆ. ಸಂಜೆಯ ಹೊತ್ತಿಗೆ ದೋಸೆಗೆ ಅದೇ ಬೇಕೆಂದರು.

ಏಪ್ರಿಲ್ ಏಕೆಂದರೆ, ನಮ್ಮ ಮಕ್ಕಳ ಬೇಸಿಗೆ ರಜೆಗೆ ಅಲ್ಲಿ ಶರತ್ಕಾಲ. ಆ ವರ್ಷದ ಲೆದರ್‌ವುಡ್ ಜೇನು ಆಗಷ್ಟೇ ಸೀಸೆಗೆ ಬಂದಿರುತ್ತದೆ. ಹ್ಯೂಆನ್ ಕಣಿವೆಯಲ್ಲಿ ಸೇಬು ಕೊಯ್ಲು. ಟೇಮರ್ ಕಣಿವೆಯಲ್ಲಿ ದ್ರಾಕ್ಷಿ ಕೊಯ್ಲು. ಡಿಸೆಂಬರ್–ಜನವರಿಯ ನೂಕುನುಗ್ಗಲು ಇಳಿದಿರುತ್ತದೆ. ಚೆರ್ರಿ ಹಣ್ಣಿನ ಹುಚ್ಚಿರುವವರು ಮಾತ್ರ ಆ ಜನಜಂಗುಳಿಯಲ್ಲೇ ಹೋಗಬೇಕು, ಏಪ್ರಿಲ್‌ಗೆ ಅದು ಸಿಗದು. ಬದಲಿಗೆ ಬೆಟ್ಟದ ಮೇಲೆ ಫೇಗಸ್ ಕಾಣಸಿಗುತ್ತದೆ. ಟಾಸ್ಮೇನಿಯಾದಲ್ಲಿ ಮಾತ್ರ ಇರುವ ಈ ಗಿಡ್ಡ ಮರ ಚಳಿಗೆ ಎಲೆ ಉದುರಿಸುತ್ತದೆ. ಆಸ್ಟ್ರೇಲಿಯಾದ ಸ್ಥಳೀಯ ಮರಗಳಲ್ಲಿ ಇದು ತೀರ ಅಪರೂಪದ ಗುಣ. ಏಪ್ರಿಲ್ ಕೊನೆಯ ವಾರಗಳಲ್ಲಿ ಅದರ ಪುಟ್ಟ ಸುಕ್ಕು ಎಲೆಗಳು ಹಳದಿಯಾಗಿ, ತಾಮ್ರವಾಗಿ, ಕೆಂಪಾಗಿ ಇಡೀ ಇಳಿಜಾರಿಗೆ ಬಣ್ಣ ಹಚ್ಚುತ್ತವೆ. ಕ್ರೇಡಲ್ ಮೌಂಟನ್ ಮತ್ತು ಮೌಂಟ್ ಫೀಲ್ಡ್, ಇವೆರಡು ಇದನ್ನು ನೋಡಲು ಒಳ್ಳೆಯ ಜಾಗಗಳು.

ನನ್ನ ಯೋಜನೆ ಹೀಗಿರುತ್ತದೆ. ಭಾರತದಿಂದ ನೇರ ವಿಮಾನವಿಲ್ಲ. ಮೆಲ್ಬರ್ನ್‌ನಿಂದ ಒಂದು ಗಂಟೆಯ ಹಾರಾಟ. ಶುಕ್ರವಾರ ಉತ್ತರದ ಲಾನ್ಸೆಸ್ಟನ್‌ನಲ್ಲಿ ಇಳಿಯಿರಿ, ಮುಂದಿನ ಶನಿವಾರ ಸಂಜೆ ದಕ್ಷಿಣದ ಹೋಬಾರ್ಟ್‌ನಿಂದ ಹೊರಡಿ. ಹೀಗೆ ಮಾಡಿದರೆ ಎರಡು ಶನಿವಾರ, ಎರಡು ಸಂತೆ ಸಿಗುತ್ತವೆ. ಮೊದಲನೆಯದು ಲಾನ್ಸೆಸ್ಟನ್‌ನ ಹಾರ್ವೆಸ್ಟ್ ಮಾರ್ಕೆಟ್, ಬೆಳೆದವರೇ ನಿಂತು ಮಾರುವ ಸಂತೆ. 2021ರಲ್ಲಿ ಯುನೆಸ್ಕೊ ಈ ಊರನ್ನು ಪಾಕಕಲೆಯ ನಗರವೆಂದು ಗುರುತಿಸಿತು. ಎರಡನೆಯದು ಹೋಬಾರ್ಟ್ ಬಂದರಿನ ಹಳೆಯ ಮರಳುಗಲ್ಲಿನ ಉಗ್ರಾಣಗಳ ಮುಂದೆ ನಡೆಯುವ ಸಾಲಮಾಂಕಾ ಮಾರ್ಕೆಟ್. ಮನೆಗೆ ಒಯ್ಯುವ ಜೇನು, ಮರದ ಸಾಮಾನು ಕೊಳ್ಳಲು ಅದು ಸರಿ.

ನಡುವಿನ ವಾರದಲ್ಲಿ ಎರಡೇ ಬಿಡಾರ. ಮೊದಲ ನಾಲ್ಕು ರಾತ್ರಿ ಶೆಫೀಲ್ಡ್ ಅಥವಾ ಡೆಲೊರೇನ್ ಸುತ್ತಿನ ಹಳ್ಳಿಮನೆಯಲ್ಲಿ, ಉಳಿದ ನಾಲ್ಕು ಹ್ಯೂಆನ್ ಕಣಿವೆಯಲ್ಲಿ. ನಡುವೆ ಒಂದೇ ದೀರ್ಘ ಪಯಣ. ವೈನ್‌ಗ್ಲಾಸ್ ಬೇ ಇರುವ ಪೂರ್ವ ಕರಾವಳಿಯನ್ನೂ ಗಾರ್ಡನ್ ನದಿಯ ಪಶ್ಚಿಮವನ್ನೂ ಬಿಡಬೇಕಾಗುತ್ತದೆ. ಬಿಡಿ. ಆ ಫೋಟೊಗಳನ್ನು ನೋಡಿದವರಿಗೆ ಇದು ಸಂಕಟವೇ, ನನಗೆ ಗೊತ್ತು.

ಹೋಟೆಲ್ ಬೇಡ, ಅಡುಗೆಮನೆ ಇರುವ ಮನೆಯನ್ನೇ ಹಿಡಿಯಿರಿ. ಅಲ್ಲಿನ ಹಳ್ಳಿ ಹೋಟೆಲುಗಳಲ್ಲಿ ಸಸ್ಯಾಹಾರಿಗೆ ಆಲೂಗಡ್ಡೆ ಚಿಪ್ಸ್‌ನ ಆಚೆಗೆ ಹೆಚ್ಚೇನೂ ಇರುವುದಿಲ್ಲ, ರಾತ್ರಿ ಎಂಟಕ್ಕೆ ಒಲೆಯೂ ಆರುತ್ತದೆ. ಆದರೆ ರಸ್ತೆಬದಿಯಲ್ಲಿ, ತೋಟದ ಗೇಟಿನ ಪಕ್ಕದಲ್ಲಿ, ಸಣ್ಣ ಗೂಡಂಗಡಿಗಳಿರುತ್ತವೆ, ಕಾಯುವವರಿಲ್ಲ. ಸೇಬು, ಕುಂಬಳ, ಮೊಟ್ಟೆ, ಸೊಪ್ಪು ಇಟ್ಟಿರುತ್ತಾರೆ, ಡಬ್ಬಿಯಲ್ಲಿ ದುಡ್ಡು ಹಾಕಿ ಎತ್ತಿಕೊಳ್ಳಬೇಕು. ಚಿಲ್ಲರೆ ನೋಟು ಇಟ್ಟುಕೊಳ್ಳಿ. ಪಿಂಕ್ ಐ ಎಂಬ ಗಂಟುಗಂಟಾದ, ನೇರಳೆ ಕಣ್ಣಿನ ಆಲೂಗಡ್ಡೆ ಕಂಡರೆ ಬಿಡಬೇಡಿ. ಬೇಯಿಸಿದರೂ ಪುಡಿಯಾಗದು. ಒಗ್ಗರಣೆ ಕೊಟ್ಟು ಪಲ್ಯ ಮಾಡಿದರೆ ಅದರ ಬೆಣ್ಣೆಯಂಥ ರುಚಿಗೆ ಬೇರೇನೂ ಬೇಕೆನಿಸುವುದಿಲ್ಲ.

ಒಗ್ಗರಣೆಯ ಮಾತು ಬಂತು. ಟಾಸ್ಮೇನಿಯಾಕ್ಕೆ ಹಣ್ಣು, ತರಕಾರಿ, ಸೊಪ್ಪು ಒಯ್ಯುವಂತಿಲ್ಲ, ಮೆಲ್ಬರ್ನ್‌ನಿಂದಲೂ ಇಲ್ಲ. ಹಸಿಮೆಣಸು, ಕರಿಬೇವು, ಮಗುವಿನ ಕೈಯ ಬಾಳೆಹಣ್ಣು ಎಲ್ಲವೂ ವಿಮಾನ ನಿಲ್ದಾಣದ ತೊಟ್ಟಿಗೆ. ಮೂಸುವ ನಾಯಿಗಳು ಬ್ಯಾಗುಗಳ ನಡುವೆ ಓಡಾಡುತ್ತವೆ. ಇದು ಕಿರಿಕಿರಿಯ ನಿಯಮವಲ್ಲ. ಹಣ್ಣುನೊಣ ನೆಲೆಯೂರದಂತೆ ಕಾಯ್ದುಕೊಂಡಿರುವುದರಿಂದಲೇ ಅಲ್ಲಿನ ಚೆರ್ರಿ, ಸೇಬಿಗೆ ಹೊರದೇಶದ ಮಾರುಕಟ್ಟೆ ತೆರೆದಿದೆ. ಸಾಸಿವೆ, ಇಂಗು, ಅರಿಸಿನದಂಥ ಒಣ ಸಾಮಾನನ್ನು ಅಂಗಡಿಯ ಮುಚ್ಚಿದ ಪೊಟ್ಟಣದಲ್ಲೇ ಇಟ್ಟುಕೊಂಡು, ಕೇಳಿದಾಗ ತೋರಿಸಿ.

ಸೇಬಿಗೆ ಇಲ್ಲಿ ದೊಡ್ಡ ಇತಿಹಾಸವಿದೆ. 1788ರಲ್ಲಿ ಕ್ಯಾಪ್ಟನ್ ಬ್ಲೈ ಬ್ರೂನಿ ದ್ವೀಪದ ಅಡ್ವೆಂಚರ್ ಬೇಯಲ್ಲಿ ಮೊದಲ ಸೇಬಿನ ಗಿಡಗಳನ್ನು ನೆಟ್ಟ. ಮುಂದೆ ಹ್ಯೂಆನ್ ಕಣಿವೆಯೆಲ್ಲ ಸೇಬಿನ ತೋಟವಾಗಿ, ಹಣ್ಣು ಹಡಗು ಹತ್ತಿ ಬ್ರಿಟನ್ನಿಗೆ ಹೋಗುತ್ತಿತ್ತು. 1973ರಲ್ಲಿ ಬ್ರಿಟನ್ ಯುರೋಪಿನ ಸಾಮಾನ್ಯ ಮಾರುಕಟ್ಟೆ ಸೇರಿದ್ದೇ ತಡ ಆ ವ್ಯಾಪಾರ ಕುಸಿಯಿತು. ಮರ ಕಿತ್ತುಹಾಕಲು ಸರ್ಕಾರವೇ ರೈತರಿಗೆ ದುಡ್ಡು ಕೊಟ್ಟಿತು. ಅಡಿಕೆ ಧಾರಣೆ ಬಿದ್ದಾಗಿನ ಮನೆಗಳನ್ನು ಕಂಡವರಿಗೆ ಆ ಕಣಿವೆಯ ಆಗಿನ ಸ್ಥಿತಿ ಅರ್ಥವಾಗುತ್ತದೆ. ಇವತ್ತು ಹೊರಗಿನವರು ಹೊಗಳುವ ಟಾಸ್ಮೇನಿಯಾದ ಊಟ ಬೆಳೆದದ್ದು ಆ ಕುಸಿತದ ನಂತರ. ರಾಶಿ ಮಾಲನ್ನು ಅಗ್ಗಕ್ಕೆ ಮಾರಿ ಬದುಕಲಾಗದು ಎಂದು ಕಂಡುಕೊಂಡವರು ಚೆರ್ರಿ, ಸೈಡರ್, ಚೀಸ್, ಕೇಸರಿ, ಟ್ರಫಲ್ ಎಂದು ಸಣ್ಣ ಪ್ರಮಾಣದ, ಹೆಚ್ಚು ಬೆಲೆಯ ಬೆಳೆಗಳಿಗೆ ಹೊರಳಿದರು. ಆಸ್ಟ್ರೇಲಿಯಾದ ಮೊದಲ ಕಪ್ಪು ಟ್ರಫಲ್ ಅಣಬೆ ನೆಲದಿಂದ ಎದ್ದದ್ದು 1999ರಲ್ಲಿ, ಡೆಲೊರೇನ್ ಹತ್ತಿರ.

ಬ್ರೂನಿಗೆ ಒಂದಿಡೀ ದಿನ ಬೇಕು. ಕೆಟರಿಂಗ್‌ನಲ್ಲಿ ಕಾರು ಸಮೇತ ದೋಣಿ ಹತ್ತಿದರೆ ಆಚೆ ದಡ ಹತ್ತಿರವೇ. ಅಲ್ಲಿ ಕಾರಿನ ಕಿಟಕಿಗೇ ಆಯಿಸ್ಟರ್ ತಂದುಕೊಡುವ ಅಂಗಡಿಯಿದೆ. ನಮ್ಮ ಕರಾವಳಿಯಲ್ಲಿ ಇದೇ ಕಲ್ವವನ್ನು ತೆಂಗಿನಕಾಯಿ ಮಸಾಲೆಯಲ್ಲಿ ಸುಕ್ಕ ಮಾಡುತ್ತೇವೆ. ಇಲ್ಲಿ ಹಸಿಯಾಗಿ, ನಿಂಬೆರಸದ ಹನಿ ಹಾಕಿ ನುಂಗುತ್ತಾರೆ. ತಣ್ಣನೆಯ ಶುದ್ಧ ಸಮುದ್ರದ ಉಪ್ಪು ನೇರ ನಾಲಿಗೆಗೆ ತಾಕುತ್ತದೆ. ಕುಮಟಾದವಳಾದ ನನಗೆ ಮಸಾಲೆಯೇ ಮೇಲು, ಆದರೂ ಅದನ್ನು ತಿನ್ನದೆ ಮರಳಬೇಡಿ ಎನ್ನುತ್ತೇನೆ. ಬಂಡೆಗೆ ಅಂಟಿದ ಚಿಪ್ಪುಗಳನ್ನು ಕಂಡು ನೀವೇ ಕೀಳಲು ಮಾತ್ರ ಹೋಗಬೇಡಿ. ವಿಷಪಾಚಿಯ ಅಪಾಯದಿಂದಾಗಿ ತಾನಾಗಿ ಬೆಳೆದ ಚಿಪ್ಪನ್ನು ತಿನ್ನಬಾರದೆಂದು ಅಲ್ಲಿನ ಆರೋಗ್ಯ ಇಲಾಖೆ ಎಚ್ಚರಿಸುತ್ತದೆ. ಅದೇ ದ್ವೀಪದಲ್ಲಿ ಹಸಿ ಹಾಲಿನ ಚೀಸ್ ಮಾಡುವವರಿದ್ದಾರೆ. ಸಸ್ಯಾಹಾರಿಗಳು ಹಾಲು ಹೆಪ್ಪುಗಟ್ಟಿಸುವ ರೆನೆಟ್ ಯಾವುದೆಂದು ಕೇಳಿಯೇ ಕೊಳ್ಳಬೇಕು; ಕರುವಿನ ಹೊಟ್ಟೆಯದೂ ಇರುತ್ತದೆ, ಅಲ್ಲದ್ದೂ ಇರುತ್ತದೆ.

ಬೇಕರಿಗಳಲ್ಲಿ ಸಿಗುವ ಸ್ಕ್ಯಾಲಪ್ ಪೈ ಒಳಗೆ ಹಳದಿ ಕರಿ ಸಾರು ಇರುತ್ತದೆ. ಇದು ಈಚೆಗೆ ಬಂದ ಭಾರತೀಯರ ಪ್ರಭಾವವಲ್ಲ. 19ನೇ ಶತಮಾನದಲ್ಲಿ ಇಂಗ್ಲೆಂಡಿನಿಂದ ಬಂದ ಜೋಸೆಫ್ ಕೀನ್ ಹೋಬಾರ್ಟ್ ಸೀಮೆಯಲ್ಲಿ ಮಸಾಲೆ ಪುಡಿ ಮಾಡಿ ಮಾರಿದ. 1866ರಲ್ಲಿ ಮೆಲ್ಬರ್ನ್‌ನ ವಸ್ತುಪ್ರದರ್ಶನದಲ್ಲಿ ಅದಕ್ಕೆ ಪದಕ ಬಂತು. ಬೆಟ್ಟದ ಬುಡದ ಇಳಿಜಾರಿನಲ್ಲಿ ಕಲ್ಲು ಜೋಡಿಸಿ ಬರೆದ ಅದರ ಹೆಸರು ಇಂದಿಗೂ ದಕ್ಷಿಣ ಹೋಬಾರ್ಟ್‌ನಿಂದ ಕಾಣುತ್ತದೆ.

ಒಂದು ಊಟವನ್ನು ಮಾತ್ರ ನಾನು ಅಲ್ಲಿ ತಿನ್ನುವುದಿಲ್ಲ. ಅದು ಸಾಕಣೆಯ ಸಾಲ್ಮನ್. ಪಶ್ಚಿಮದ ಮಕ್ವಾರಿ ಹಾರ್ಬರ್‌ನಲ್ಲಿ ಮೀನಿನ ಪಂಜರಗಳು ನೀರಿನ ಆಮ್ಲಜನಕ ಹೀರುತ್ತವೆ; ಅಲ್ಲಿ ಮಾತ್ರ ಉಳಿದಿರುವ ಮಾಜಿಯನ್ ಸ್ಕೇಟ್ ಎಂಬ ತೊರಕೆ ಜಾತಿಯ ಮೀನು ಅಳಿವಿನಂಚಿಗೆ ಬಂದಿದೆ. ಬೂಕರ್ ಪ್ರಶಸ್ತಿ ಪಡೆದ ಟಾಸ್ಮೇನಿಯಾದ ಕಾದಂಬರಿಕಾರ ರಿಚರ್ಡ್ ಫ್ಲನಗನ್ 2021ರಲ್ಲಿ ಈ ಉದ್ಯಮದ ವಿರುದ್ಧ ಇಡೀ ಪುಸ್ತಕವನ್ನೇ ಬರೆದರು. ಆ ಉದ್ಯಮದಿಂದ ಸಾವಿರಾರು ಕುಟುಂಬಗಳ ಜೀವನ ನಡೆಯುತ್ತದೆ, ಅದೂ ನಿಜ. ಆದರೂ ನನಗೆ ಗಂಟಲಲ್ಲಿ ಇಳಿಯದು.

ಅಲ್ಲಿನ ಮೂಲನಿವಾಸಿ ಪಲವಾ ಜನ ಈ ದ್ವೀಪದಲ್ಲಿ 40,000 ವರ್ಷಗಳಿಂದ ಇದ್ದಾರೆ. 1820ರ ದಶಕದಲ್ಲಿ ವಸಾಹತುಗಾರರು ಅವರನ್ನು ಬೇಟೆಯಾಡಿದರು, ಬದುಕುಳಿದವರನ್ನು ಫ್ಲಿಂಡರ್ಸ್ ದ್ವೀಪಕ್ಕೆ ಸಾಗಿಸಿದರು. 1876ರಲ್ಲಿ ಟ್ರುಗನಿನಿ ತೀರಿಕೊಂಡಾಗ ಆ ಜನಾಂಗವೇ ಮುಗಿಯಿತೆಂದು ಸಾರಿದರು. ಅದು ಸುಳ್ಳು. ಅವರ ಮಕ್ಕಳು ಮೊಮ್ಮಕ್ಕಳು ಇಂದೂ ಇದ್ದಾರೆ, ಇದೇ ಏಪ್ರಿಲ್‌ನಲ್ಲಿ ಬಾಸ್ ಜಲಸಂಧಿಯ ದ್ವೀಪಗಳಲ್ಲಿ ಮಟನ್‌ಬರ್ಡ್ ಹಕ್ಕಿ ಹಿಡಿಯುವ ತಮ್ಮ ಹಳೆಯ ಪದ್ಧತಿಯನ್ನು ನಡೆಸುತ್ತಾರೆ. ಟಾಸ್ಮೇನಿಯಾದ ಊಟದ ಬಗ್ಗೆ ಬರೆಯುವವರು ಚೀಸ್‌ನಿಂದ ಆರಂಭಿಸುವುದು ನನಗೆ ಸರಿಕಾಣುವುದಿಲ್ಲ.

ಇನ್ನು ಗಾಡಿಯ ವಿಚಾರ. ಎಡಬದಿಯ ಸಂಚಾರ, ನಮ್ಮಂತೆಯೇ. ಇಂಗ್ಲಿಷಿನಲ್ಲಿರುವ ಭಾರತದ ಲೈಸೆನ್ಸ್ ಪ್ರವಾಸಿಗರಿಗೆ ಸಾಕು. ರಾಷ್ಟ್ರೀಯ ಉದ್ಯಾನಗಳಿಗೆ ಕಾರಿಗೊಂದು ಹಾಲಿಡೇ ಪಾಸ್ ಕೊಂಡರೆ ಎರಡು ತಿಂಗಳು ಎಲ್ಲೆಡೆ ನಡೆಯುತ್ತದೆ. ಕ್ರೇಡಲ್‌ನ ಡವ್ ಲೇಕ್‌ಗೆ ಹಗಲು ಕಾರು ಬಿಡುವುದಿಲ್ಲ, ಬಸ್ಸಿದೆ. ಸರೋವರದ ಸುತ್ತ 6 ಕಿಲೋಮೀಟರ್ ದಾರಿ, ಅತ್ತೆಯಂಥವರೂ ನಿಧಾನವಾಗಿ ನಡೆಯಬಹುದು. ಬಿಸಿಲಿದ್ದರೂ ಮಳೆಯಂಗಿ, ಉಣ್ಣೆ ಟೋಪಿ ಚೀಲದಲ್ಲಿರಲಿ. ಆ ಬೆಟ್ಟದಲ್ಲಿ ಯಾವ ತಿಂಗಳಲ್ಲೂ ಹಿಮ ಬೀಳಬಹುದು.

ಕತ್ತಲಾದ ಮೇಲೆ ಮಾತ್ರ ಗಾಡಿ ಓಡಿಸಬೇಡಿ. ಏಪ್ರಿಲ್ ಕೊನೆಯಲ್ಲಿ ಸಂಜೆ ಐದೂವರೆಗೆ ಮೊದಲೇ ಸೂರ್ಯ ಮುಳುಗುತ್ತಾನೆ, ಆಗಲೇ ವಾಲಬಿ, ವೊಂಬ್ಯಾಟ್, ಪ್ಯಾಡಿಮೆಲನ್‌ಗಳು ರಸ್ತೆಗೆ ಇಳಿಯುತ್ತವೆ. ಸತ್ತ ಪ್ರಾಣಿಯನ್ನು ತಿನ್ನಲು ಬಂದ ಟಾಸ್ಮೇನಿಯನ್ ಡೆವಿಲ್ ಕೂಡ ಗಾಲಿಗೆ ಸಿಕ್ಕಿ ಸಾಯುತ್ತದೆ. 1996ರಲ್ಲಿ ಮೊದಲು ಕಂಡ ಮುಖದ ಕ್ಯಾನ್ಸರ್‌ನಿಂದ ಅವುಗಳ ಬಹುಪಾಲು ಈಗಾಗಲೇ ನಾಶವಾಗಿದೆ. ನಾಲ್ಕೂವರೆಯೊಳಗೆ ಮನೆ ಸೇರಿ ಒಲೆ ಹಚ್ಚಿ. ಬಾಡಿಗೆ ಕಾರಿನ ಕರಾರಿನಲ್ಲಿ ರಾತ್ರಿ ಚಾಲನೆಗೆ ವಿಮೆ ಇದೆಯೇ ಎಂದು ಓದಿಕೊಳ್ಳುವುದನ್ನೂ ಮರೆಯಬೇಡಿ.

ಫೇಗಸ್ ನೋಡಲು ಸ್ಥಳೀಯರೂ ಏಪ್ರಿಲ್ 25ರ ಆನ್ಜಾಕ್ ದಿನದ ಆಸುಪಾಸಿನಲ್ಲೇ ಬೆಟ್ಟ ಹತ್ತುತ್ತಾರೆ, ಈಸ್ಟರ್ ರಜೆಯೂ ಒಮ್ಮೊಮ್ಮೆ ಅದೇ ಹೊತ್ತಿಗೆ ಬೀಳುತ್ತದೆ. ಹಾಗಾಗಿ ಮನೆ, ಕಾರು ಎರಡನ್ನೂ ಸಂಕ್ರಾಂತಿಯೊಳಗೆ ಗೊತ್ತುಮಾಡಿಕೊಳ್ಳಿ.