ಜಗಲಿಯ ಚಾವಣಿಯೂ ಗಾಳಿಯ ಬಲವೂ

ಹೊಸದುರ್ಗದ ಸುತ್ತಲಿನ ಗುಡ್ಡಗಳ ನೆತ್ತಿಯ ಮೇಲೆ ಸಾಲಾಗಿ ನಿಂತಿರುವ ಗಾಳಿಯಂತ್ರಗಳನ್ನು ಈ ಸೀಮೆಯ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಆ ದೊಡ್ಡ ರೆಕ್ಕೆಗಳನ್ನು ತಿರುಗಿಸಿ ನಮಗೆ ವಿದ್ಯುತ್ತನ್ನು ಕೊಡುವ ಗಾಳಿಯೇ ಒಮ್ಮೊಮ್ಮೆ ಊರೊಳಗೆ ನುಗ್ಗಿ ಮನೆಗಳ ತಗಡನ್ನು ಕಿತ್ತೊಯ್ಯುವುದೂ ಉಂಟು. ಬೇಸಿಗೆಯ ಕೊನೆಯಲ್ಲಿ ಗುಡುಗು ಮಳೆಯೊಡನೆ ಬಿರುಗಾಳಿ ಬೀಸಿದ ಮರುದಿನ ಬೀದಿಯಲ್ಲಿ ನಡೆದು ನೋಡಿ. ಮನೆಯ ಮಾಳಿಗೆ ಭದ್ರವಾಗಿಯೇ ಇರುತ್ತದೆ; ಹಾರಿಹೋಗಿರುವುದು ಬಹುಮಟ್ಟಿಗೆ ಆಮೇಲೆ ಜಗಲಿಗೆ ಸೇರಿಸಿದ ಚಾವಣಿ. ಇದಕ್ಕೆ ಕಾರಣವೇನು?

ಈ ಪ್ರಶ್ನೆ ನನಗೆ ಮನೆಯ ಪ್ರಶ್ನೆಯಾಗಿಯೇ ಎದುರಾಯಿತು. ನಮ್ಮ ಜಗಲಿ 5 ಮೀಟರ್ ಉದ್ದ, 3 ಮೀಟರ್ ಅಗಲ. ಮಧ್ಯಾಹ್ನದ ಬಿಸಿಲಿಗೆ ಅಲ್ಲಿ ಕುಳಿತಿರಲು ಆಗದೆಂದು ತಾಯಿಯವರು ಹೇಳಿದ್ದರಿಂದ, ತಗಡಿನ ಚಾವಣಿ ಹಾಕಿಸಲು ನಿಶ್ಚಯಿಸಿದೆವು. ಬಂದ ಮೇಸ್ತ್ರಿಯವರು ಅನುಭವಸ್ಥರು. "ಮೇಲೆ ಹತ್ತು ಕಲ್ಲು ಹೇರಿದರೆ ಆಯ್ತು ಮೇಷ್ಟ್ರೇ, ಎಲ್ಲೂ ಹೋಗಲ್ಲ" ಎಂದರು. ಹತ್ತು ಕಲ್ಲು ಸಾಕೇ ಎಂಬುದನ್ನು ಭೌತಶಾಸ್ತ್ರವನ್ನೇ ಕೇಳಿ ನೋಡೋಣ.

ಗಾಳಿ ಎತ್ತುವ ಬಗೆ

ಚಾವಣಿ ತನ್ನ ಭಾರದಿಂದ ಕೆಳಕ್ಕೆ ಕುಸಿಯಬಹುದೆಂದೇ ಎಲ್ಲರೂ ಹೆದರುತ್ತಾರೆ. ಹಗುರವಾದ ತಗಡಿನ ವಿಷಯದಲ್ಲಿ ಭಯಪಡಬೇಕಾದದ್ದು ಇದಕ್ಕೆ ವಿರುದ್ಧವಾದ ದಿಕ್ಕಿಗೆ. ಜಗಲಿಯ ಮೂರು ಪಕ್ಕಗಳು ಬಯಲು. ನಾಲ್ಕನೆಯ ಪಕ್ಕದಲ್ಲಿ ಮನೆಯ ಗೋಡೆ. ಎದುರಿನಿಂದ ಬೀಸಿದ ಗಾಳಿ ಚಾವಣಿಯ ಕೆಳಗೆ ನುಗ್ಗಿ, ಗೋಡೆಗೆ ತಾಗಿ ನಿಲ್ಲುತ್ತದೆ. ನಿಂತ ಗಾಳಿಯ ಚಲನಶಕ್ತಿ ಒತ್ತಡವಾಗಿ ಮಾರ್ಪಟ್ಟು ತಗಡನ್ನು ಕೆಳಗಿನಿಂದ ಮೇಲಕ್ಕೆ ನೂಕುತ್ತದೆ. ಅದೇ ವೇಳೆಯಲ್ಲಿ ಚಾವಣಿಯ ಅಂಚನ್ನು ಹಾರಿ ಮೇಲೆ ವೇಗವಾಗಿ ಸಾಗುವ ಗಾಳಿಯಿಂದ ಅಲ್ಲಿಯ ಒತ್ತಡ ಕಡಿಮೆಯಾಗುತ್ತದೆ. ಕೆಳಗಿನಿಂದ ನೂಕು, ಮೇಲಿನಿಂದ ಎಳೆತ. ಎರಡೂ ಕೂಡಿ ತಗಡನ್ನು ಎತ್ತುತ್ತವೆ. ವೇಗಕ್ಕೂ ಒತ್ತಡಕ್ಕೂ ಇರುವ ಈ ನಂಟನ್ನು ಡೇನಿಯಲ್ ಬರ್ನೂಲಿ 1738ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿವರಿಸಿದನು.

ನಮ್ಮ ಮದುವೆಯ ಚಪ್ಪರಕ್ಕೆ ಈ ಕಾಟ ಇಷ್ಟಿಲ್ಲ. ತೆಂಗಿನ ಗರಿಗಳ ಸಂದಿಯಿಂದ ಗಾಳಿ ಸೋರಿಹೋಗುವುದರಿಂದ ಮೇಲಿನ ಮತ್ತು ಕೆಳಗಿನ ಒತ್ತಡಗಳು ಹೆಚ್ಚುಕಡಿಮೆ ಸಮವಾಗುತ್ತವೆ. ನಾಲ್ಕು ಗರಿ ಹಾರಿದರೂ ಚಪ್ಪರ ನಿಂತಿರುತ್ತದೆ. ತಗಡಿನಲ್ಲಿ ಸಂದಿಯಿಲ್ಲ. ಮಳೆಯನ್ನು ತಡೆಯುವ ಅದರ ಗುಣವೇ ಗಾಳಿಗೆ ಹಿಡಿತವನ್ನು ಒದಗಿಸುತ್ತದೆ.

ಹತ್ತು ಕಲ್ಲಿನ ಲೆಕ್ಕ

ಗಾಳಿಯ ಒತ್ತಡವು ಅದರ ಸಾಂದ್ರತೆಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದಷ್ಟು. ಒಂದು ಘನ ಮೀಟರ್ ಗಾಳಿಯ ದ್ರವ್ಯರಾಶಿ ಸುಮಾರು 1.2 ಕಿಲೋಗ್ರಾಂ, ಅದರ ಅರ್ಧ 0.6. ಗಂಟೆಗೆ 60 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ 16.7 ಮೀಟರ್. ಆಗ ಒಂದು ಚದರ ಮೀಟರಿನ ಮೇಲೆ ಬೀಳುವ ಬಲ ಸುಮಾರು 167 ನ್ಯೂಟನ್, ಅಂದರೆ 17 ಕಿಲೋಗ್ರಾಂ ತೂಕ. ನಮ್ಮ ಜಗಲಿಯ 15 ಚದರ ಮೀಟರಿಗೆ ಇದು 255 ಕಿಲೋಗ್ರಾಂ ಆಗುತ್ತದೆ. ತಗಡು ಮತ್ತು ಅದರ ಕೆಳಗಿನ ಕಬ್ಬಿಣದ ಚೌಕಟ್ಟು ಸೇರಿ ಚದರ ಮೀಟರಿಗೆ 10 ಕಿಲೋಗ್ರಾಮಿನಂತೆ ಚಾವಣಿಯ ತೂಕ 150 ಕಿಲೋಗ್ರಾಂ. ಉಳಿದ 105 ಕಿಲೋಗ್ರಾಮನ್ನು ಅದುಮಿಹಿಡಿಯಲು ಹತ್ತು ಹತ್ತು ಕಿಲೋಗ್ರಾಮಿನ ಹತ್ತು ಕಲ್ಲುಗಳು ಹೆಚ್ಚುಕಡಿಮೆ ಸರಿಹೋಗುತ್ತವೆ!

ಮೇಸ್ತ್ರಿಯವರ ಮಾತು ಬರಿಯ ಊಹೆಯಲ್ಲ; ಸಾಧಾರಣ ವರ್ಷಗಳ ಗಾಳಿ ಕಲಿಸಿದ ಪಾಠ. ಆದರೆ ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟಾಗುತ್ತದೆ ಎಂಬುದನ್ನು ಸಾಧಾರಣ ವರ್ಷ ತೋರಿಸಿಕೊಡುವುದಿಲ್ಲ. ಕಟ್ಟಡಗಳ ಗಾಳಿಯ ಹೊರೆಯನ್ನು ಕುರಿತ ಭಾರತೀಯ ಮಾನಕವು ದೇಶದಲ್ಲಿ ಅತ್ಯಂತ ಕಡಿಮೆ ಗಾಳಿಯ ವಲಯಕ್ಕೂ ಸೆಕೆಂಡಿಗೆ 33 ಮೀಟರ್, ಎಂದರೆ ಗಂಟೆಗೆ ಸುಮಾರು 119 ಕಿಲೋಮೀಟರ್ ಮೂಲವೇಗವನ್ನು ನಿಗದಿಮಾಡಿದೆ. ಆ ವೇಗದಲ್ಲಿ ನಮ್ಮ ಚಾವಣಿಯನ್ನು ಎತ್ತುವ ಬಲ ಸುಮಾರು 1000 ಕಿಲೋಗ್ರಾಂ ತೂಕಕ್ಕೆ ಸಮ. ಚಾವಣಿಯ ಸ್ವಂತ ತೂಕವನ್ನು ಕಳೆದರೆ 850. ಬೇಕಾಗುವ ಕಲ್ಲುಗಳು 85! ಅಷ್ಟನ್ನು ಹೇರಿದರೆ ಗಾಳಿಯಿಲ್ಲದ ದಿನವೇ ತಗಡು ಕುಸಿದೀತು. ಹತ್ತನ್ನೇ ಹೇರಿದರೆ, ತಗಡು ಎದ್ದ ಕ್ಷಣದಲ್ಲಿ ಆ ಹತ್ತು ಕಲ್ಲುಗಳೂ ಜಗಲಿಯಲ್ಲಿ ಕುಳಿತವರ ಮೇಲೆ ಉರುಳಿಯಾವು. ರಕ್ಷಣೆಗೆಂದು ಇಟ್ಟದ್ದೇ ಪ್ರಾಣಕ್ಕೆ ಎರವಾಗುವುದು ಹೀಗೆ.

ಭೂಮಿಗೆ ಕಟ್ಟಿದ ಸರಪಳಿ

ಹಾಗಾದರೆ ಚಾವಣಿಯನ್ನು ಹಿಡಿದಿಡುವುದು ಹೇಗೆ? ಭಾರವನ್ನು ಮೇಲೆ ಹೇರುವುದಕ್ಕೆ ಬದಲಾಗಿ ಕೆಳಗೆ ಹೂಳಬೇಕು. ಮೇಲಿನಿಂದ ಕೆಳಗಿನವರೆಗೆ ಬಿಡದೆ ಬಿಗಿಯಬೇಕು. ತಗಡನ್ನು ಅಡ್ಡಪಟ್ಟಿಗೆ, ಪಟ್ಟಿಯನ್ನು ತೊಲೆಗೆ, ತೊಲೆಯನ್ನು ಕಂಬಕ್ಕೆ, ಕಂಬವನ್ನು ನೆಲದೊಳಗಿನ ಕಾಂಕ್ರೀಟಿಗೆ ಬಂಧಿಸಬೇಕು. ಸರಪಳಿಯ ಬಲ ಅದರ ಅತ್ಯಂತ ದುರ್ಬಲವಾದ ಕೊಂಡಿಯಷ್ಟೇ. ನಾಲ್ಕು ಕಡೆ ಬೋಲ್ಟು ಹಾಕಿ ಐದನೆಯದನ್ನು ತಂತಿಯಿಂದ ಸುತ್ತಿದರೆ ಗಾಳಿ ಆ ತಂತಿಯನ್ನೇ ಹುಡುಕಿಕೊಳ್ಳುತ್ತದೆ.

ಎತ್ತುವ 850 ಕಿಲೋಗ್ರಾಮಿನಲ್ಲಿ ಅರ್ಧ ಗೋಡೆಯ ಕಡೆಗೆ, ಅರ್ಧ ಮುಂದಿನ ಕಂಬಗಳಿಗೆ ಹಂಚಿಹೋಗುತ್ತದೆ. ಮುಂದೆ ಮೂರು ಕಂಬಗಳಿದ್ದು ಹೊರೆಯನ್ನು ಸಮನಾಗಿ ಹೊತ್ತರೆ, ಒಂದೊಂದಕ್ಕೆ ಸುಮಾರು 142 ಕಿಲೋಗ್ರಾಂ. ಉದ್ದ, ಅಗಲ, ಆಳ ಮೂರೂ 45 ಸೆಂಟಿಮೀಟರ್ ಇರುವ ಗುಂಡಿಯಲ್ಲಿ ತುಂಬಿದ ಕಾಂಕ್ರೀಟು ಸುಮಾರು 219 ಕಿಲೋಗ್ರಾಂ ತೂಗುತ್ತದೆ. ಒಂದೂವರೆ ಪಟ್ಟು ಬಲ ಕೈಯಲ್ಲಿ ಉಳಿಯಿತು. ನಡುವಿನ ಕಂಬಕ್ಕೆ ಹೊರೆ ಹೆಚ್ಚಾಗಿ ಬೀಳುವುದರಿಂದ ಅದರ ಗುಂಡಿಯನ್ನು ಇನ್ನಷ್ಟು ದೊಡ್ಡದಾಗಿ ತೋಡುವುದು ವಿವೇಕ.

ಗೋಡೆಯ ಕಡೆಗೆ ಇನ್ನೂ ಎಚ್ಚರ ಬೇಕು. ಹಳೆಯ ಮಣ್ಣಿನ ಗೋಡೆಗೆ ಹೊಡೆದ ಮೊಳೆ ಎಳೆತವನ್ನು ತಡೆಯಲಾರದು. ಅಂಥ ಮನೆಯಲ್ಲಿ ಗೋಡೆಗೆ ತಾಗಿದಂತೆ ಇನ್ನೊಂದು ಸಾಲು ಕಂಬ ನಿಲ್ಲಿಸಿ, ಚಾವಣಿ ತನ್ನ ಕಾಲಿನ ಮೇಲೆ ತಾನೇ ನಿಲ್ಲುವಂತೆ ಮಾಡುವುದು ಕ್ಷೇಮ. ಗಾಳಿಯ ಸುಳಿಗಳಿಂದ ಅಂಚಿನಲ್ಲಿ ಎಳೆತ ಹೆಚ್ಚು. ಆದ್ದರಿಂದ ಅಲ್ಲಿ ತಿರುಪುಗಳನ್ನು ಹತ್ತಿರ ಹತ್ತಿರ ಹಾಕಬೇಕು. ಅಲೆತಗಡಿನ ದಿಬ್ಬದ ಮೇಲೆ, ರಬ್ಬರ್ ವಾಷರಿನೊಡನೆ ತಿರುಪು ಹಾಕಿದರೆ, ತಗ್ಗಿನಲ್ಲಿ ಹರಿಯುವ ಮಳೆನೀರು ತೂತಿನ ಬಳಿ ಸುಳಿಯದು. 3 ಮೀಟರಿಗೆ ಅರ್ಧ ಮೀಟರ್ ಇಳಿಜಾರಿದ್ದರೆ ನೀರು ನಿಲ್ಲದು. ತಗಡಿನ ಮೇಲ್ಮೈಗೆ ಬಿಳಿಯ ಬಣ್ಣ ಬಳಿದರೆ ಬಿಸಿಲಿನ ಬಹುಭಾಗ ಹಿಂದಿರುಗಿ, ಕೆಳಗೆ ಕುಳಿತವರಿಗೆ ಕಾವು ಕಡಿಮೆಯಾಗುತ್ತದೆ.

ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ಮೇಸ್ತ್ರಿಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಗುಂಡಿ ಎಷ್ಟು ಆಳ ಅಂದ್ರಿ?" ಎಂದು ಕೇಳಿ ಹಾರೆಯನ್ನು ಕೈಗೆತ್ತಿಕೊಂಡರು. ಇಂದು ನಮ್ಮ ಚಾವಣಿಯ ಮೇಲೆ ಒಂದು ಕಲ್ಲೂ ಇಲ್ಲ.

ವಿದ್ಯಾರ್ಥಿಗಳು ತಮ್ಮ ಮನೆಯ ಚಾವಣಿಯ ಉದ್ದ ಅಗಲಗಳನ್ನು ಅಳೆದು ಇದೇ ಲೆಕ್ಕವನ್ನು ಮಾಡಿನೋಡಲಿ. ಮೇಲೆ ಕಲ್ಲುಗಳಿದ್ದರೆ ಅವನ್ನು ಎಣಿಸಲಿ. ಆಮೇಲೆ, ತಗಡಿನಿಂದ ನೆಲದವರೆಗಿನ ಕೊಂಡಿಗಳನ್ನು ಒಂದೊಂದಾಗಿ ಪರೀಕ್ಷಿಸಿ ಹಿರಿಯರಿಗೆ ತಿಳಿಸಲಿ. ಈ ಕೆಲಸ ಮೊದಲ ಬಿರುಗಾಳಿಗೆ ಮುಂಚೆಯೇ ಆಗಬೇಕು.